ಹಳದಿ ಬೋರ್ಡುಗಳ ನಡುವಿನ ಮಾತು

ನಮ್ಮ ಊರಿನ ಸ್ಟೇಷನ್ನಿನಲ್ಲಿ ಯಾರೂ ‘ಬರ್ತೀನಿ’ ಅನ್ನುತ್ತಿರಲಿಲ್ಲ. ಅಂದರೆ ಬರಲೇಬೇಕಾಗುತ್ತಿತ್ತು. ಪ್ಲಾಟ್‌ಫಾರ್ಮಿನ ಆ ತುದಿಗೊಂದು ಈ ತುದಿಗೊಂದು ಊರ ಹೆಸರು ಬರೆದ ಹಳದಿ ಬೋರ್ಡು. ಅವೆರಡರ ನಡುವೆ ಆಡಿದ ಮಾತಿಗಷ್ಟೇ ಈ ಕಟ್ಟು. ಬೋರ್ಡು ದಾಟಿ ಗೇಟಿನ ಹತ್ತಿರ ನಿಂತು ಸಾವಿರ ಸಲ ಬರ್ತೀನಿ ಅನ್ನಿ, ಅದು ಬರೀ ಮಾತು, ಗಾಳಿಗೆ ಹೋಯಿತು. ಬೋರ್ಡುಗಳ ನಡುವೆ ‘ಬರಲ್ಲ’ ಅಂದವರು ಮಾತ್ರ ಮತ್ತೆ ಬಂದದ್ದೇ ಇಲ್ಲ. ಹೊರಟರೆ ರೈಲು ತಪ್ಪುತ್ತಿತ್ತು, ಕಾಲು ಉಳುಕುತ್ತಿತ್ತು, ಏನಾದರೊಂದು ಆಗುತ್ತಿತ್ತು. ಬಾಯಿ ಮುಚ್ಚಿಕೊಂಡು ಹೋದವರಿಗೆ ಯಾವ ಹಂಗೂ ಇರಲಿಲ್ಲ. ಬೇಕಾದರೆ ಬರಬಹುದು, ಬೇಡವಾದರೆ ಬಿಡಬಹುದು.

ಬೇರೆ ಊರುಗಳಲ್ಲಿ ‘ಹೋಗ್ತೀನಿ’ ಅಂದರೆ ಅಪಶಕುನವಂತೆ. ನಮ್ಮಲ್ಲಿ ಹಾಗೆ ಅಂದವರೇ ನೆಮ್ಮದಿಯಿಂದ ಮನೆ ಸೇರಿದವರು. ಇದನ್ನು ಹೊರಗಿನವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಊದುಬತ್ತಿ ಏಜೆಂಟರು ಕಾಮತರು ಒಮ್ಮೆ ನಮ್ಮ ಸ್ಟೇಷನ್ನಿನ ಬಿಸಿ ವಡೆ ತಿಂದು, ಕೈ ಒರೆಸಿಕೊಳ್ಳುತ್ತ, ಖುಷಿಯಲ್ಲಿ ‘ಬರ್ತೀನ್ರೀ’ ಅಂದುಬಿಟ್ಟರು. ಮುಂದಿನ ವರ್ಷ ಬಂದರು. ನಮ್ಮೂರಲ್ಲಿ ಊದುಬತ್ತಿ ಕೊಳ್ಳುವವರೇ ಇರಲಿಲ್ಲ, ಆದರೂ ಬಂದರು. ಹೊರಡುವಾಗ ಅಭ್ಯಾಸಬಲದಿಂದ ಮತ್ತೆ ಅದೇ ಮಾತು. ಹೀಗೇ ಅವರ ತಲೆಗೂದಲು ನಮ್ಮ ಕಣ್ಣೆದುರಿಗೇ ಬೆಳ್ಳಗಾಯಿತು. ರೈಲ್ವೆ ಆಸ್ಪತ್ರೆಯ ಡಾಕ್ಟರು ವರ್ಗವಾಗಿ ಹೊರಟಾಗ ಮರ್ಯಾದೆಗೆಂದು ‘ಬರ್ತೀನಿ’ ಅಂದು, ವರ್ಷದೊಳಗೆ ಪೆಟ್ಟಿಗೆ ಸಮೇತ ವಾಪಸು ವರ್ಗವಾಗಿ ಬಂದರು. ಎರಡನೇ ಸಲ ಬಾಯಿಗೆ ಕರವಸ್ತ್ರ ತುರುಕಿಕೊಂಡು ರೈಲು ಹತ್ತಿದರು.

ಅದಕ್ಕೇ ನಮ್ಮಲ್ಲಿ ಬೆಲ್ಲದ ಪದ್ಧತಿ ಬಂದದ್ದು. ಬೇಡವಾದ ನೆಂಟರು ಹೊರಟರೆ ಹಳದಿ ಬೋರ್ಡು ಬರುವ ಮೊದಲೇ ಅವರ ಬಾಯಿಗೆ ಇಷ್ಟು ದಪ್ಪ ಬೆಲ್ಲದ ಉಂಡೆ ಇಡುವುದು. ಅವರು ಎಷ್ಟು ಆದರ ಎಂದು ಕಣ್ಣರಳಿಸಿ ಚಪ್ಪರಿಸುತ್ತಿರುವಾಗಲೇ ರೈಲು ಹೊರಟುಹೋಗುತ್ತಿತ್ತು. ‘ಅವನಿಗೆ ಬೆಲ್ಲ ಹಾಕಿ ಕಳಿಸಿದ್ವಿ’ ಅಂದರೆ ಪೀಡೆ ತೊಲಗಿತು ಅಂತ ಅರ್ಥ. ವಿಷಯ ಗೊತ್ತಿದ್ದ ಅತ್ತೆಯರು ನಮ್ಮೂರಿಂದ ಸೊಸೆ ತಂದುಕೊಳ್ಳುವಾಗ ಸೊಂಟದ ಚೀಲದಲ್ಲಿ ಬೆಲ್ಲ ಇಟ್ಟುಕೊಂಡೇ ಬರುತ್ತಿದ್ದರು. ಹುಡುಗಿಯ ತಾಯಿ ಒಂದು ಕಡೆಯಿಂದ ‘ಹೇಳೇ, ಹೇಳೇ’ ಅಂತ ಚಿವುಟುವುದು, ಅತ್ತೆ ಇನ್ನೊಂದು ಕಡೆಯಿಂದ ಬೆಲ್ಲ ತುರುಕುವುದು. ನಾವು ಸ್ಟೇಷನ್ನಿನವರು ನೋಡಿ ನಗುತ್ತಿದ್ದೆವು.

ಇನ್ನೊಂದು ಕಟ್ಟಳೆ ಇತ್ತು, ಅದಕ್ಕೆ ಯಾರೂ ನಗುತ್ತಿರಲಿಲ್ಲ. ಬರ್ತೀನಿ ಅಂದವರನ್ನು ಬಾ ಎಂದು ಕರೆಯಬಾರದು. ಫಿಟ್ಟರ್ ಕಾಳಪ್ಪ ಹಾಗೆ ಹೇಳಿ ಹೋದವನು ತಡಮಾಡಿದ. ಹೆಂಡತಿ ತಡೆಯಲಾರದೆ ‘ಬೇಗ ಬಾ’ ಎಂದು ತಂತಿ ಕೊಟ್ಟಳು. ಬೇಗನೇ ಬಂದ. ಗಾರ್ಡಿನ ಡಬ್ಬಿಯಲ್ಲಿ, ಹಲಗೆ ಪೆಟ್ಟಿಗೆಯೊಳಗೆ, ಮಂಜುಗಡ್ಡೆಯ ನಡುವೆ. ಅಂದಿನಿಂದ ನಮ್ಮೂರವರು ಕಾಯುವುದನ್ನು ಕಲಿತರು. ಕರೆಯುವುದನ್ನು ಬಿಟ್ಟರು.

ನನ್ನ ಹೆಸರು ಭಾಮಿನಿ. ಅಕ್ಕ ಚಂಪಕಮಾಲೆ. ಅಪ್ಪ ಶೇಷಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಹಗಲು ಹಳಿ ಬದಲಿಸುವುದು, ಸಂಜೆ ಪದ್ಯ ಓದುವುದು. ಮಕ್ಕಳಿಗೂ ಛಂದಸ್ಸಿನ ಹೆಸರನ್ನೇ ಇಟ್ಟರು. ಗುಡ್ಡದ ಮೇಲಿನ ಗಣಿ ನಡೆಯುತ್ತಿದ್ದ ಕಾಲ ಅದು. ಅದಿರಿನ ಗಾಡಿಗಳು ಒಂದರ ಹಿಂದೊಂದು ಬರುತ್ತಿದ್ದವು, ಪ್ಯಾಸೆಂಜರು ಗಾಡಿಗಳಿಗೂ ಬಿಡುವಿರಲಿಲ್ಲ. ಘಾಟಿ ಹತ್ತಿಸಲು ನಮ್ಮಲ್ಲೇ ಪ್ರತಿ ಗಾಡಿಯ ಹಿಂದಕ್ಕೂ ಇನ್ನೊಂದು ಎಂಜಿನ್ ಕಟ್ಟಬೇಕಿತ್ತು, ಹಿಂದಿನಿಂದ ನೂಕಲು. ಹಾಗಾಗಿ ದೊಡ್ಡ ದೊಡ್ಡ ಊರಿಗೆ ಹೋಗುವ ಗಾಡಿಯೂ ನಮ್ಮ ಚಿಕ್ಕ ಊರಲ್ಲಿ ಕಾಲೂರಿ ನಿಂತು, ನೀರು ಕುಡಿದು, ವಡೆ ತಿಂದು ಹೋಗಬೇಕಿತ್ತು. ಒಣಗಲು ಹಾಕಿದ ಬಟ್ಟೆ ಮಸಿಯಾಗುತ್ತಿತ್ತು, ಕಣ್ಣಿಗೆ ಕಿಡಿ ಬೀಳುತ್ತಿತ್ತು, ತೊಟ್ಟಿಲಿನ ಮಕ್ಕಳು ಎಂಜಿನ್ ಸದ್ದು ನಿಂತರೆ ಎಚ್ಚರಾಗಿ ಅಳುತ್ತಿದ್ದವು. ಸಂಜೆ ಡ್ಯೂಟಿ ಇಳಿದು ಅಪ್ಪ ಕೈಕಾಲು ತೊಳೆದು ವಿಭೂತಿ ಇಟ್ಟುಕೊಂಡು ಮೂರನೇ ದರ್ಜೆಯ ವೇಟಿಂಗ್ ಹಾಲಿನಲ್ಲಿ ಕೂತರೆ, ಫೈರ್‌ಮನ್ನುಗಳು, ಗ್ಯಾಂಗಿನವರು, ರೈಲು ತಪ್ಪಿದ ಪ್ರಯಾಣಿಕರು ಎಲ್ಲ ಸುತ್ತ ಕೂರುತ್ತಿದ್ದರು. ಅಪ್ಪ ಒಂದು ಪದ್ಯ ಹಾಡುವುದು, ಅರ್ಥ ಹೇಳುವುದು. ಹೂಂಗುಟ್ಟುವುದು ನನ್ನ ಕೆಲಸ. ‘ಹೂಂ ಅನ್ನೋರಿಲ್ಲದ ಕಥೆ, ಪಾಯಿಂಟ್ ಹಾಕದ ಹಳಿ ಎರಡೂ ಒಂದೇ ಕಣೇ’ ಅನ್ನುತ್ತಿದ್ದರು. ಅಕ್ಕನಿಗೆ ಅಲ್ಲಿ ಕೂರಲು ತಾಳ್ಮೆಯಿಲ್ಲ. ನಾನು ಮಾತ್ರ ಕಂಬಕ್ಕೊರಗಿ ಕೇಳುತ್ತಿದ್ದೆ. ಕಣ್ಣು ಮುಚ್ಚಿದರೂ ಹೂಂ ತಪ್ಪುತ್ತಿರಲಿಲ್ಲ. ದೇವರ ಮುಂದೆ ಕೂತ ಹಾಗೆ ಇರುತ್ತಿತ್ತು ನನಗೆ. ‘ಕಿವಿ ಸರಿಯಾಗಿಟ್ಟುಕೋ ಭಾಮಿ. ಲಘು ಇದ್ದ ಕಡೆ ಗುರು ಕೇಳಿಸಿಕೊಂಡರೆ ಪದ್ಯ ಹಳಿ ತಪ್ಪುತ್ತೆ’ ಎಂದು ಅಪ್ಪ ಹೇಳಿದ್ದು ನೂರು ಸಲವಾದರೂ ಇದ್ದೀತು. ಅವರು ಹಾಡುತ್ತಿದ್ದ ಕಥೆಗಳಲ್ಲೆಲ್ಲ ಮಾತು ಕೊಟ್ಟವರೇ ಕಷ್ಟಕ್ಕೆ ಬೀಳುತ್ತಿದ್ದರು. ನಮ್ಮೂರಿನ ಜನಕ್ಕೆ ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಅಪ್ಪ ಡ್ಯೂಟಿಯಲ್ಲೇ ತೀರಿಕೊಂಡರು. ಮನೆಗೊಬ್ಬರಿಗೆ ಅನುಕಂಪದ ಕೆಲಸ ಕೊಡುತ್ತೇವೆ ಎಂದು ರೈಲ್ವೆಯವರು ಹೇಳಿದರು. ಪ್ಲಾಟ್‌ಫಾರ್ಮಿನಲ್ಲಿ ಪ್ರಯಾಣಿಕರಿಗೆ ನೀರು ಕೊಡುವ ಕೆಲಸ. ದೊಡ್ಡವಳು ತೆಗೆದುಕೊಳ್ಳಲಿ ಎಂದು ಅಮ್ಮ. ಅಕ್ಕ ಬಿಲ್ಕುಲ್ ಒಪ್ಪಲಿಲ್ಲ.

‘ಹೋಗೋರಿಗೆಲ್ಲ ನೀರು ಹಾಕ್ತಾ ಇಲ್ಲೇ ನಿಂತಿರ್ಲಾ? ನಾನೂ ಹೋಗೋಳೇ. ಘಾಟಿ ಆಚೆ ಮಗ್ಗದ ಊರಲ್ಲಿ ಕೆಲಸ ಇದೆ’ ಅಂದಳು.

‘ಹೋದ್ರೆ ಹೋಗು. ನನಗೆ ಇನ್ನೊಬ್ಬಳಿದಾಳೆ’ ಅಂದರು ಅಮ್ಮ. ಅಮ್ಮನ ಹೆಸರು ತುಂಗಮ್ಮ, ಬಾಯಿ ಜೋರು. ಅಕ್ಕ ಹೊರಟ ದಿನ ಹೊಸ್ತಿಲು ಬಿಟ್ಟು ಆಚೆ ಬರಲಿಲ್ಲ. ಒಂದು ಉಂಡೆ ಬೆಲ್ಲ ನನ್ನ ಕೈಗೆ ಕೊಟ್ಟು, ‘ಸಿಟ್ಟಲ್ಲಿ ಬರಲ್ಲ ಅಂದ್ಬಿಟ್ಟಾಳು, ಬೋರ್ಡಿನ ಹತ್ರ ಅವಳ ಬಾಯಿಗೆ ತುರುಕು’ ಅಂದರು. ನಾನು ಹೂಂ ಅಂದೆ. ತುರುಕಲಿಲ್ಲ. ಕೈಯಲ್ಲೇ ಬಿಗಿ ಹಿಡಿದಿದ್ದೆ. ಬೆವರಿಗೆ ಕರಗಿ ಬೆರಳೆಲ್ಲ ಅಂಟಾಯಿತು.

ಅಕ್ಕ ಹತ್ತಿದ್ದು ಕೊನೆಯ ಡಬ್ಬಿ. ಅದಕ್ಕಂಟಿಕೊಂಡೇ ಹಿಂದಿನ ಎಂಜಿನ್. ಗಾಡಿ ಅಲುಗಿತು. ಅವಳು ಬಾಗಿಲಲ್ಲಿ ನಿಂತು ನನ್ನ ಕಡೆ ಬಗ್ಗಿದಳು, ತುಟಿ ಕೂಡಿ ಬಿಚ್ಚಿತು. ‘ಬ’ ಎಂದು ಶುರುವಾದದ್ದು ಕೇಳಿತು. ಅಷ್ಟರಲ್ಲಿ ಆ ಎಂಜಿನ್ ಎದೆ ಒಡೆಯುವ ಹಾಗೆ ಸಿಳ್ಳೆ ಹಾಕಿತು. ಮಿಕ್ಕ ಅಕ್ಷರ ಅದರೊಳಗೆ ಹೋಯಿತು. ನಾನು ಅಭ್ಯಾಸದಂತೆ ತಲೆಯಾಡಿಸಿ ಹೂಂ ಅಂದೆ. ಅವಳ ಮುಖ ಇಷ್ಟಗಲವಾಯಿತು. ಗಾಡಿ ತಿರುವಿನಲ್ಲಿ ಮರೆಯಾಯಿತು.

‘ಏನಂದಳು?’ ಹೊಸ್ತಿಲಲ್ಲೇ ನಿಂತಿದ್ದ ಅಮ್ಮನ ಮೊದಲ ಮಾತು.

‘ಬ ಅಂದಳು. ಆಮೇಲೆ ಸಿಳ್ಳೆ.’

‘ಬರ್ತೀನಿ ಅಂದಿರ್ತಾಳೆ.’

‘ಬರಲ್ಲ ಅಂತಲೂ ಅಂದಿರಬಹುದಲ್ಲಮ್ಮಾ.’

‘ನಿಮ್ಮಪ್ಪ ಅಷ್ಟು ವರ್ಷ ಹಾಡಿದ್ದು ಇದಕ್ಕೇನಾ? ಒಂದಕ್ಷರ ಕೇಳಿಸಿಕೊಳ್ಳಕ್ಕಾಗ್ಲಿಲ್ವಾ ನಿನಗೆ?’ ಅಂದರು ಅಮ್ಮ. ಆಮೇಲೆ ನನ್ನ ಅಂಟು ಬೆರಳು ನೋಡಿದರು. ಬೆಲ್ಲ ಹಾಕಿಲ್ಲವೆಂದು ಗೊತ್ತಾಗಿ ಅಲ್ಲೇ ಗೋಡೆಗೊರಗಿ ಕೂತುಬಿಟ್ಟರು. ಬೈಯಲಿಲ್ಲ.

ನೀರಿನ ಕೆಲಸ ನನಗೆ ಬಂತು. ಮೂವತ್ತು ವರ್ಷ ನಾನು ಆ ಪ್ಲಾಟ್‌ಫಾರ್ಮಿನಲ್ಲಿ ತಾಮ್ರದ ಚೊಂಬು ಹಿಡಿದು ನಿಂತೆ. ಅಕ್ಕ ಮಗ್ಗದ ಊರಲ್ಲೇ ಇದ್ದಾಳೆ, ನೇಯುವವನನ್ನು ಮದುವೆಯಾಗಿದ್ದಾಳೆ, ಅವನು ತೀರಿಕೊಂಡ ಎಂದು ರೈಲಿನವರ ಬಾಯಿಂದಲೇ ಕೇಳಿದ್ದು. ನಾವು ಕರೆಯಲಿಲ್ಲ. ಬರ್ತೀನಿ ಅಂದಿದ್ದರೆ ಕರೆಯುವುದು ಅಪಾಯ. ಬರಲ್ಲ ಅಂದಿದ್ದರೆ ಕರೆದು ಫಲವಿಲ್ಲ. ಅವಳೂ ಒಂದು ಕಾಗದ ಬರೆಯಲಿಲ್ಲ. ಪ್ರತಿ ರೈಲಿಗೂ ನಾನು ಕೊನೆಯ ಡಬ್ಬಿಯಿಂದಲೇ ನೀರು ಕೊಡಲು ಶುರುಮಾಡುತ್ತಿದ್ದೆ. ಮನೆಗೆ ಬಂದರೆ ಅಮ್ಮ ತಲೆಯೆತ್ತಿ ನೋಡುವುದು, ನಾನು ಚೊಂಬು ಬೋರಲು ಹಾಕುವುದು. ಅದೇ ಉತ್ತರ.

ಆಮೇಲೆ ಗಣಿ ಮುಚ್ಚಿತು. ಹಿಂದಿನ ಎಂಜಿನ್‌ಗಳಿಗೆ ನೂಕಲು ಏನೂ ಉಳಿಯಲಿಲ್ಲ. ಒಂದೊಂದಾಗಿ ಅವನ್ನೂ ಎಳೆದುಕೊಂಡು ಹೋದರು. ವಡೆಯವನು ಬಾಣಲೆ ಕವುಚಿ ಹಾಕಿ ಹೋದ. ಕ್ವಾರ್ಟರ್ಸಿನ ಸಾಲುಗಳಲ್ಲಿ ಬಾಗಿಲು ಹೋಗಿ, ಕಿಟಕಿ ಹೋಗಿ, ಕೊನೆಗೆ ಹೆಂಚೂ ಹೋಯಿತು. ವೇಟಿಂಗ್ ಹಾಲಿನಲ್ಲಿ ಆಡುಗಳು ಮಲಗತೊಡಗಿದವು. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಒಂದು ಗಡ್ಡದ ಹೋತ ಕೂತು ಮೆಲುಕು ಹಾಕುವುದನ್ನು ನೋಡಿ ನನಗೆ ಓಡಿಸಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಕೂತು ಒಂದೆರಡು ಸಲ ಹೂಂ ಅಂದೆ. ದಿನಕ್ಕೊಂದು ರೈಲು ಉಳಿಯಿತು, ಮೂರು ಡಬ್ಬಿ, ಬೆರಳಲ್ಲಿ ಎಣಿಸುವಷ್ಟು ಜನ. ಊರೆಲ್ಲ ಎಷ್ಟು ಮೌನವಾಯಿತೆಂದರೆ, ಪ್ಲಾಟ್‌ಫಾರ್ಮಿನ ಬೇವಿನ ಹಣ್ಣು ತಗಡಿನ ಮೇಲೆ ಬಿದ್ದರೆ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು.

ಕೊನೆಗೊಂದು ದಿನ ಸ್ಟೇಷನ್ ಮಾಸ್ಟರು ಪೌಲ್‌ರಾಜ್ ಸಾಹೇಬರು ಬೋರ್ಡಿಗೆ ಒಂದು ಚೀಟಿ ಅಂಟಿಸಿದರು. ಬರುವ ಅಮಾವಾಸ್ಯೆಗೆ ಕೊನೆಯ ರೈಲು. ಆಮೇಲೆ ಲೈನು ಮುಚ್ಚಿ ಹಳಿ ಕೀಳುವುದು.

‘ಇನ್ಮೇಲೆ ಯಾರೂ ಆ ಮಾತು ಆಡಂಗಿಲ್ಲ’ ಅಂದ ಗೇಟಿನ ಇಮಾಮಣ್ಣ. ಇಮಾಮಣ್ಣ ನಮ್ಮ ಗೇಟ್‌ಮನ್, ಅಪ್ಪನ ಪದ್ಯಕ್ಕೆ ತಪ್ಪದೆ ಬರುತ್ತಿದ್ದವನು. ‘ಆಡಿದ್ರೆ ಬರೋದೆಲ್ಲಿಂದ? ನಾವೇ ಹೋಗಿ ಹೆಗಲ ಮೇಲೆ ಹೊತ್ಕಂಡು ಬರ್ಬೇಕಾಯ್ತದೆ.’ ಎಲ್ಲರೂ ನಕ್ಕರು. ಕೊನೆಯ ದಿನಕ್ಕೆ ಎಷ್ಟು ಬೆಲ್ಲ ಬೇಕು ಎಂದು ಲೆಕ್ಕ ಹಾಕಿದರು.

ನಾನು ಮನೆಗೆ ಬಂದು ಹೇಳಿದಾಗ ಅಮ್ಮ ಮಾತ್ರ ನಗಲಿಲ್ಲ. ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು.

‘ಭಾಮೀ. ಈಗಾಗ್ಲೇ ಅಂದಿರೋರು?’

‘ಯಾರು?’

‘ಬರ್ತೀನಿ ಅಂದು ಇನ್ನೂ ಬಾರದೇ ಇರೋರು. ಅವರಿಗೂ ಇದೇ ಅಲ್ವೇನೇ ಕೊನೇ ರೈಲು? ಎಲ್ಲಾ ಒಂದೇ ಗಾಡೀಲಿ ಬರ್ಬೇಕಲ್ಲೇ?’

ಊರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಅಮ್ಮ ಎದ್ದು ಮುಖ ತೊಳೆದುಕೊಂಡರು. ‘ಅವಳು ಬರ್ತಾಳೆ’ ಅಂದರು. ‘ಬರದೇ ಇದ್ರೆ ಅವತ್ತು ಏನಂದಳು ಅಂತ ಗೊತ್ತಾಗುತ್ತೆ. ಎರಡರಲ್ಲಿ ಒಂದು ತಿಳಿದೇ ಸಾಯೋಣ ಬಿಡು.’

ಆ ದಿನ ಅಮ್ಮನಿಗೆ ಪ್ಲಾಟ್‌ಫಾರ್ಮಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಎಪ್ಪತ್ತೈದು ದಾಟಿದ ಮುದುಕಿ, ಮದುವೆಯಾಗಿ ರೈಲಿಳಿದ ಮೇಲೆ ಮತ್ತೊಮ್ಮೆ ರೈಲು ಹತ್ತಿದವಳಲ್ಲ. ಬಿಸಿಲು ಚೆನ್ನಾಗಿತ್ತು. ಊರಲ್ಲಿ ಉಳಿದಿದ್ದವರೆಲ್ಲ ಬಂದಿದ್ದರು. ಹೆಂಗಸರು ತಟ್ಟೆಗಳಲ್ಲಿ ಬೆಲ್ಲದುಂಡೆ ಹಿಡಿದು ನಿಂತಿದ್ದರು. ತಿರುವಿನಲ್ಲಿ ಸಿಳ್ಳೆ ಕೇಳಿತು.

ಗಾಡಿ ಕಂಡಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಡಬ್ಬಿಗಳು ಜೇನುಗೂಡಿನ ಹಾಗೆ ಕಾಣುತ್ತಿದ್ದವು. ಬಾಗಿಲಲ್ಲಿ, ಮೆಟ್ಟಿಲಲ್ಲಿ, ಡಬ್ಬಿಗಳ ನಡುವಿನ ಕೊಂಡಿಯ ಮೇಲೆ, ಮಾಡಿನ ಮೇಲೆ ಜನ. ಒಬ್ಬರೂ ಮಾತಾಡುತ್ತಿರಲಿಲ್ಲ. ಅಷ್ಟು ಜನ ಹೊತ್ತ ರೈಲು ಅಷ್ಟು ಸದ್ದಿಲ್ಲದೆ ಬರುವುದನ್ನು ನಾನು ಕಂಡಿರಲಿಲ್ಲ. ನನ್ನ ಪಕ್ಕ ಒಂದು ಬೆಲ್ಲದ ತಟ್ಟೆ ಠಣ್ಣೆಂದು ಕೆಳಗೆ ಬಿತ್ತು.

ಇಳಿದರು. ಅರ್ಧ ಮುಖಕ್ಕೆ ಸೋಪಿನ ನೊರೆ, ಕುತ್ತಿಗೆಗೆ ಕ್ಷೌರದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬರು ಇಳಿದರು. ಎಂದೋ ಇಲ್ಲಿದ್ದ ಮೇಷ್ಟ್ರು. ಮೊಣಕೈತನಕ ಹಿಟ್ಟು ಮೆತ್ತಿಕೊಂಡಿದ್ದ ಒಬ್ಬಾಕೆ ಇಳಿದಳು; ಅತ್ತೆ ಬೆಲ್ಲ ತುರುಕುವ ಮೊದಲೇ ಹೇಳಿಬಿಟ್ಟಿದ್ದ ಮದುಮಗಳು ಅವಳು, ಈಗ ತಲೆ ಪೂರ್ತಿ ಹಣ್ಣಾಗಿತ್ತು. ಕೈಗೆ ಗ್ಲೂಕೋಸಿನ ನಳಿಗೆ ಚುಚ್ಚಿಕೊಂಡಿದ್ದ ಒಬ್ಬರು ಬಾಟಲಿಯನ್ನು ತಾವೇ ಎತ್ತಿ ಹಿಡಿದು ಇಳಿದರು. ಹಣೆಗೆ ಬಾಸಿಂಗ ಕಟ್ಟಿದ್ದ ಮದುಮಗನೊಬ್ಬ ತಾಳಿಯ ದಾರ ಕೈಯಲ್ಲಿ ಹಿಡಿದೇ ನಿಂತು ‘ಇದು ಯಾವೂರ್ರೀ? ನಾನು ಯಾಕ್ ಬಂದೆ?’ ಎಂದು ಎಲ್ಲರನ್ನೂ ಕೇಳುತ್ತಿದ್ದ. ಒಂದೇ ಒಂದು ಸಲ, ಚಿಕ್ಕವನಿದ್ದಾಗ, ಅಜ್ಜಿಯ ಸೊಂಟದಲ್ಲಿ ಕೂತು ಕೈಯಾಡಿಸಿ ಹೇಳಿದ್ದನಂತೆ. ಊದುಬತ್ತಿ ಕಾಮತರು ಎಲ್ಲರ ನಡುವೆ ತಮ್ಮ ಚೀಲ ಹಿಡಿದು, ತಮಗೊಬ್ಬರಿಗೇ ಇದು ಹೊಸದಲ್ಲವೆಂಬಂತೆ, ‘ವಡೆ ಇಲ್ವೇನ್ರೀ?’ ಅಂದರು.

ನಾನು ಚೊಂಬು ಹಿಡಿದು ನಿಂತೇ ಇದ್ದೆ. ನೀರು ಹಾಕಬೇಕೆಂಬುದು ಮರೆತುಹೋಗಿತ್ತು. ಯಾರ ಮುಖದಲ್ಲೂ ಬಂದ ಸಂತೋಷವಿರಲಿಲ್ಲ. ಕತ್ತು ಹಿಡಿದು ತಂದವರ ಮುಖ ಅವು. ಇಷ್ಟು ವರ್ಷ ಈ ಊರಿನ ಮಾತಿಗೆ ಎಷ್ಟು ಬಲ ಎಂದು ಹೆಮ್ಮೆಪಟ್ಟಿದ್ದೆವಲ್ಲ, ಆ ಬಲ ಕಣ್ಣೆದುರು ಹೀಗೆ ಸಾಲಾಗಿ ಇಳಿದು ನಿಂತಾಗ ನನಗೆ ದೇವರ ನೆನಪೂ ಆಗಲಿಲ್ಲ.

ಆಮೇಲೆ ಗಾರ್ಡು ತನ್ನ ಡಬ್ಬಿಯ ಬಾಗಿಲು ಸರಿಸಿದ. ಒಳಗೆ ಬಟ್ಟೆಯಲ್ಲಿ ಬಾಯಿ ಕಟ್ಟಿದ ಮಡಕೆಗಳು, ಹಿತ್ತಾಳೆಯ ಚೊಂಬುಗಳು, ಒಂದೆರಡು ಮರದ ಪೆಟ್ಟಿಗೆ. ‘ಯಾರೂ ತಂದಿಟ್ಟಿಲ್ಲ’ ಅಂದ. ‘ದಾರಿಯಲ್ಲಿ ನೋಡ್ತೀನಿ, ಇದಾವೆ.’ ಪೌಲ್‌ರಾಜ್ ಸಾಹೇಬರು ಟೋಪಿ ತೆಗೆದು ಎದೆಗೊತ್ತಿಕೊಂಡು ಶಿಲುಬೆ ಗುರುತು ಹಾಕಿದರು. ಇಮಾಮಣ್ಣ ಎರಡೂ ಕೈ ಎತ್ತಿ ಬೇಡಿಕೊಂಡ. ತೀರಿಹೋದವರೂ ಬೂದಿಯಾಗಿ ಬಂದು ಮಾತು ಉಳಿಸಿಕೊಂಡಿದ್ದರು.

‘ಭಾಮೀ’ ಎಂದು ಅಮ್ಮ ನನ್ನ ಸೆರಗು ಹಿಡಿದರು. ಆ ಧ್ವನಿ ಅಮ್ಮನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ‘ಇಳಿದೋರಲ್ಲಿ ಅವಳಿಲ್ಲ. ಅದರಲ್ಲಿದಾಳಾ ನೋಡು.’

ನೋಡಿದೆ. ಒಂದೊಂದು ಬಟ್ಟೆಯ ಗಂಟಿಗೂ ಹೆಸರಿನ ಚೂರು ಕಟ್ಟಿತ್ತು. ಒಂದೊಂದನ್ನೂ ಬಗ್ಗಿ ಓದಿದೆ. ಅಷ್ಟು ನಿಧಾನವಾಗಿ ನಾನು ಏನನ್ನೂ ಓದಿಲ್ಲ. ಅಕ್ಕನ ಹೆಸರು ಇರಲಿಲ್ಲ. ‘ಇಲ್ಲಮ್ಮಾ’ ಅಂದೆ.

ಅಮ್ಮ ಮೊದಲು ಉಸಿರು ಬಿಟ್ಟರು. ಮರುಗಳಿಗೆಗೇ ಮುಖ ಇಳಿಯಿತು. ‘ಹಾಗಾದ್ರೆ ಬರಲ್ಲ ಅಂದಳು’ ಅಂದರು. ‘ನನ್ನ ಮಗಳು ಬರಲ್ಲ ಅಂದಳು. ಬೆಲ್ಲ ಹಾಕಿದ್ರೇ ಚೆನ್ನಾಗಿತ್ತಲ್ಲೇ.’ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು, ಆಗಲಿಲ್ಲ.

‘ಭಾಮೀ.’

ಇದು ಅಮ್ಮನಲ್ಲ. ಕೊನೆಯ ಡಬ್ಬಿಯ ಕಿಟಕಿ. ಎಲ್ಲರೂ ಇಳಿದು ಖಾಲಿಯಾದ ಡಬ್ಬಿಯಲ್ಲಿ ಒಬ್ಬಾಕೆ ಕೂತೇ ಇದ್ದಳು. ಕನ್ನಡಕ, ಕೈಮಗ್ಗದ ಹಸಿರು ಸೀರೆ, ಕೈಯಲ್ಲಿ ಊಟದ ಡಬ್ಬಿ, ಪಕ್ಕದಲ್ಲಿ ಮಡಿಸಿದ ಶಾಲು. ಪ್ರಯಾಣಕ್ಕೆಂದು ತಯಾರಾಗಿ ಬಂದವಳು ಆ ಗಾಡಿಯಲ್ಲಿ ಅವಳೊಬ್ಬಳೇ. ಅಕ್ಕ.

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ‘ಇಳಿಯೇ’ ಅಂದೆ. ‘ಇಳಿ ಅಕ್ಕ, ಅಮ್ಮ ಅಲ್ಲಿದಾರೆ. ಬರ್ತೀನಿ ಅಂದಿದ್ದೆ ಅಲ್ವಾ? ಬಂದೆಯಲ್ಲ, ಬಂದೆಯಲ್ಲ.’

‘ನಾನ್ಯಾವಾಗ ಅಂದೆ ಹಾಗೆ?’

‘ಮತ್ತೆ? ಬರಲ್ಲ ಅಂದಿದ್ರೆ ಬರೋಕಾಗ್ತಾ ಇರ್ಲಿಲ್ಲ.’

‘ಅದನ್ನೂ ಅನ್ನಲಿಲ್ಲ ಕಣೇ.’ ಅಕ್ಕ ನನ್ನನ್ನು ನೋಡಿದಳು. ಕನ್ನಡಕದ ಹಿಂದೆ ಕಣ್ಣು ನಿಧಾನವಾಗಿ ತುಂಬಿತು. ‘ಭಾಮೀ, ನಿನಗೆ ಕೇಳಿಸಲೇ ಇಲ್ವಾ? ಬಾರೇ ಅಂದೆ. ನಿನ್ನನ್ನ ಬಾರೇ ಅಂದೆ, ನನ್ನ ಜೊತೆ. ಇಲ್ಲಿ ನೀರು ಹಾಕ್ತಾ ಇರಬೇಡ, ಬಾರೇ ಅಂತ. ನೀನು ತಲೆಯಾಡಿಸಿ ಹೂಂ ಅಂದೆ!’

ನನ್ನ ಕೈಯಿಂದ ಚೊಂಬು ಜಾರಿತು. ಅದು ಹಳಿಯ ಮೇಲೆ ಬಿದ್ದು ಉರುಳಿಕೊಂಡು ಹೋದ ಸದ್ದು ಈಗಲೂ ಕಿವಿಯಲ್ಲಿದೆ. ಬಾ. ದೀರ್ಘ. ಗುರು. ಊರಿಗೆ ಊರೇ ಆ ಪ್ಲಾಟ್‌ಫಾರ್ಮಿನಲ್ಲಿ ಎರಡೇ ಮಾತಿಗೆ ಕಿವಿ ಕೊಡುತ್ತಿತ್ತು, ಬರ್ತೀನಿ, ಇಲ್ಲ ಬರಲ್ಲ. ಮೂರನೆಯ ಮಾತೊಂದು ಇರಬಹುದು, ಅದು ನನ್ನನ್ನೇ ಕರೆದದ್ದಿರಬಹುದು ಎಂದು ಇಷ್ಟು ವರ್ಷದಲ್ಲಿ ನನಗೆ ಹೊಳೆಯಲಿಲ್ಲ. ಪದ್ಯ ಕೇಳಿಯೇ ಬೆಳೆದ ಕಿವಿ ಇದು.

‘ಮಗ್ಗದ ಊರ ಸ್ಟೇಷನ್ನಿಗೆ ಎಷ್ಟು ಸಲ ಹೋಗಿದೀನಿ ಗೊತ್ತಾ?’ ಅಂದಳು ಅಕ್ಕ. ‘ಹೂಂ ಅಂದೋಳು ಬರ್ತಾಳೆ, ಕರೀಬಾರ್ದು ಅಂತ ಕಾಗದ ಕೂಡ ಹಾಕಲಿಲ್ಲ. ಕಾಳಪ್ಪನ ಪೆಟ್ಟಿಗೆ ಕಣ್ಮುಂದೆ ಬರ್ತಿತ್ತು. ಆಮೇಲೆ ನಿನ್ಮೇಲೆ ಸಿಟ್ಟು ಬಂತು. ಆಮೇಲೆ ಸಿಟ್ಟೂ ಹೋಯ್ತು. ಪೇಪರಿನಲ್ಲಿ ಕೊನೇ ರೈಲು ಅಂತ ಓದಿದೆ. ಟಿಕೆಟ್ ತಗೊಂಡೆ, ಬಂದೆ.’

ಹಿಂದೆ ಕೋಲಿನ ಸದ್ದು. ಇಮಾಮಣ್ಣನ ಭುಜ ಹಿಡಿದು ಅಮ್ಮ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅಕ್ಕ ಎದ್ದು ಬಾಗಿಲಿಗೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಮ್ಮನ ಬಾಯಿಂದ ಬೈಗುಳ ಬರುತ್ತದೆಂದು ನಾನು ಕಾದೆ.

‘ಹಾಗಾದ್ರೆ ನೀನು ನನಗೆ ಏನೂ ಹೇಳಿಯೇ ಹೋಗಿರ್ಲಿಲ್ಲ’ ಅಂದರು ಅಮ್ಮ.

‘ಇಲ್ಲಮ್ಮಾ.’

‘ನಿನ್ನ ಮೇಲೆ ಯಾವ ಹಂಗೂ ಇರ್ಲಿಲ್ಲ.’

‘ಇಲ್ಲ.’

ಅಮ್ಮ ತಿರುಗಿ ಪ್ಲಾಟ್‌ಫಾರ್ಮನ್ನು ನೋಡಿದರು. ನೊರೆಯ ಮೇಷ್ಟ್ರನ್ನು, ಬಾಸಿಂಗದ ಹುಡುಗನನ್ನು, ಗಾರ್ಡಿನ ಡಬ್ಬಿಯೊಳಗಿನ ಮಡಕೆಗಳನ್ನು. ಕೋಲಿನಲ್ಲಿ ಅವರೆಲ್ಲರನ್ನೂ ತೋರಿಸಿ, ಇಮಾಮಣ್ಣನಿಗೆ, ಕಿವಿ ಮಂದವಾದವರು ಹೇಳುವ ಹಾಗೆ ಗಟ್ಟಿಯಾಗಿ ಹೇಳಿದರು: ‘ನೋಡೋ ಇಮಾಮಾ. ಇವರನ್ನೆಲ್ಲ ಎಳಕೊಂಡು ಬಂದದ್ದು. ನನ್ನ ಮಗಳು ತಾನಾಗೇ ಬಂದಿದಾಳೆ!’

ಎಂಜಿನ್ ಆಗಲೇ ಬಿಚ್ಚಿ ಸುತ್ತು ಹಾಕಿಬಂದು ಇನ್ನೊಂದು ತುದಿಗೆ ಕೂಡಿತ್ತು. ಬಂದವರಿಗೆಲ್ಲ ಮತ್ತೆ ಹೋಗಲು ಅದೇ ಗಾಡಿ. ಹೆಂಗಸರು ಎಚ್ಚೆತ್ತವರಂತೆ ತಟ್ಟೆ ಹಿಡಿದು ಓಡಾಡಿದರು. ಸಿಕ್ಕಸಿಕ್ಕವರ ಬಾಯಿಗೆಲ್ಲ ಬೆಲ್ಲ. ಕಾಮತರಿಗೆ ಎರಡು ಉಂಡೆ. ಮಡಕೆಗಳನ್ನು ಮಾತ್ರ ನಮ್ಮವರೇ ಇಳಿಸಿಕೊಂಡರು, ಅವರು ಬಂದಾಗಿತ್ತು.

‘ಹತ್ತು’ ಅಂದರು ಅಮ್ಮ ನನಗೆ. ‘ಹೂಂ ಅಂದೋಳು ನೀನು. ನಿನ್ನ ಅಪ್ಪನ ಮಗಳಾದ್ರೆ ಹತ್ತು.’

‘ನೀನು?’

‘ನನ್ನನ್ಯಾರು ಕರೆದ್ರು?’

ಅಕ್ಕ ಬಾಗಿಲಿನ ಹಿಡಿ ಹಿಡಿದು ಕೈ ಚಾಚಿದಳು. ಮೂವತ್ತು ವರ್ಷದ ಹಿಂದೆ ನನ್ನ ಕಡೆ ಬಗ್ಗಿದ ಹಾಗೇ. ‘ನೀನೂ ಬಾರಮ್ಮಾ’ ಅಂದಳು.

ಅಮ್ಮ ಇಷ್ಟಗಲ ನಕ್ಕು, ಕೈ ಹಿಡಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ ಹೇಳಿದರು:

‘ಹೂಂ. ಬರ್ತೀನಿ.’

ಬೆಲ್ಲ ಜಗಿಯುವ ಬಾಯಿಗಳು ನಿಂತವು. ‘ಅಯ್ಯೋ ತುಂಗಮ್ಮಾ!’ ಎಂದು ಇಮಾಮಣ್ಣ ತಲೆಯ ಮೇಲೆ ಕೈ ಹೊತ್ತುಕೊಂಡ. ಅಮ್ಮ ಆಗ ಬಾಯಿ ಮುಚ್ಚಿಕೊಂಡರು, ಎರಡೂ ಕೈಯಿಂದ. ಅವರು ಅಂದದ್ದು ನಿಮ್ಮ ಜೊತೆ ಬರುತ್ತೇನೆ ಎಂದು. ಆದರೆ ಹಳದಿ ಬೋರ್ಡುಗಳಿಗೆ ಅದೆಲ್ಲ ಎಲ್ಲಿ ಗೊತ್ತು? ಸಿಳ್ಳೆ ಈ ಸಲ ಒಂದು ಗಳಿಗೆ ತಡವಾಗಿ ಕೂಗಿತು. ಗಾಡಿ ಹೊರಟಿತು, ನಾವು ಮೂವರೂ ಅದರಲ್ಲಿದ್ದೆವು.

ಅಕ್ಕನ ಮನೆಯಲ್ಲಿ ಮಗ್ಗದ ಸದ್ದು ಬೆಳಗಿನಿಂದ ಸಂಜೆಯವರೆಗೆ. ಅಮ್ಮನಿಗೆ ಎಂಜಿನ್ ಷೆಡ್ಡಿನ ಪಕ್ಕದಲ್ಲೇ ಇದ್ದ ಹಾಗಾಗಿ ಒಳ್ಳೆಯ ನಿದ್ದೆ. ನನಗೆ ಮಾತ್ರ ತಿಂಗಳುಗಟ್ಟಲೆ ದಿಗಿಲು. ಹಳಿ ಇಲ್ಲದ ಊರಿಗೆ ಅಮ್ಮನನ್ನು ಆ ಮಾತು ಹೇಗೆ ಎಳೆದೊಯ್ಯುತ್ತದೆ? ಮಡಕೆಗಳು ಕಣ್ಣಿಗೆ ಕಟ್ಟುತ್ತಿದ್ದವು. ಅಮ್ಮ ಕೆಮ್ಮಿದರೂ ಎದ್ದು ಕೂರುತ್ತಿದ್ದೆ.

ಮಳೆ ಮುಗಿದ ಮೇಲೆ ಇಮಾಮಣ್ಣ ಫೋನ್ ಮಾಡಿದ. ಅವನ ಧ್ವನಿ ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು. ‘ಭಾಮಿನಮ್ಮಾ, ಹಳಿ ಕೀಳೋಕ್ಕೆ ಬಂದವ್ರೆ. ಯಂತ್ರ ತಂದವ್ರೆ. ಒಂದು ಮೊಳೆ ಎದ್ದಿಲ್ಲ. ಘಾಟಿಯಿಂದ ಪ್ಲಾಟ್‌ಫಾರಂವರೆಗೆ ಒಂದೇ ಒಂದು ಮೊಳೆ! ಯಂತ್ರದ ಹಲ್ಲೇ ಮುರ್ದು ಹೋಯ್ತು. ಇನ್ನೂ ಯಾರೋ ಬರೋದು ಬಾಕಿ ಅದೆ ಅಂದೆ ನಾನು. ಸಾಹೇಬ ನಗ್ಲಿಲ್ಲ. ಅಡ್ರೆಸ್ ಕೇಳ್ದ.’

ಮರುವಾರ ಜೀಪು ಬಂದು ಅಕ್ಕನ ಮನೆ ಮುಂದೆ ನಿಂತಿತು. ಇಳಿದವರು ರೈಲ್ವೆಯ ಇಂಜಿನಿಯರು, ಬೆವರು ಒರೆಸಿಕೊಳ್ಳುತ್ತಿದ್ದರು. ನಂಬಲೂ ಆಗದೆ ಬಿಡಲೂ ಆಗದೆ ಬಂದ ಮುಖ. ‘ಅಜ್ಜೀ’ ಅಂದರು, ‘ಒಂದೇ ಒಂದು ಸಲ ಬಂದು ಹೋಗಿಬಿಡಿ. ಟ್ರಾಲಿಯಲ್ಲಿ ಕೂರಿಸಿ ಕರೆದುಕೊಂಡು ಹೋಗ್ತೀವಿ. ನೀವು ಬಂದು ಕಾಲಿಟ್ರೆ ಸಾಕಂತೆ, ನಮ್ಮ ಕೆಲಸ ಆಗುತ್ತೆ.’

ಬರ್ತೀನಿ ಅಂದವರನ್ನು ಕರೆಯಬಾರದೆಂಬ ಕಟ್ಟಳೆ ಪಾಪ ಅವರಿಗೇನು ಗೊತ್ತು? ಅಮ್ಮ ಅವರ ಮುಖವನ್ನೇ ನೋಡುತ್ತ ಕೂತರು. ನನಗೆ ಆಗ ಹೊಳೆಯಿತು. ಅಮ್ಮ ಹೋಗದಿರುವಷ್ಟು ಕಾಲ ಆ ಹಳಿ ಇರುತ್ತದೆ. ಬೇವು, ತಗಡಿನ ಮಾಡು, ಅಪ್ಪ ಕೂರುತ್ತಿದ್ದ ಜಾಗ, ಎರಡು ಹಳದಿ ಬೋರ್ಡು, ಎಲ್ಲ ಈ ಮುದುಕಿಯ ಒಂದು ಬಾಯ್ತಪ್ಪಿನ ಮೇಲೆ ನಿಂತಿವೆ.

‘ಬರ್ತೀನಿ, ಬರ್ತೀನಿ, ಅದಕ್ಕೇನಂತೆ’ ಅಂದರು ಅಮ್ಮ, ಬಹಳ ಮೃದುವಾಗಿ. ಇಲ್ಲಿ ಯಾವ ಬೋರ್ಡೂ ಇರಲಿಲ್ಲ. ‘ಭಾಮೀ, ಬಿಸಿಲಲ್ಲಿ ಬಂದಿದಾರೆ. ಒಳಗಿಂದ ಏನಾದ್ರೂ ತಗೊಂಡು ಬಾ.’

ನಾನು ಹೂಂ ಅಂದು ಒಳಗೆ ಹೋಗಿ ತಂದೆ. ಅಮ್ಮ ತಮ್ಮ ಕೈಯಾರೆ ಎತ್ತಿ ಬಾಯಿಗೇ ಇಟ್ಟರು. ಇಂಜಿನಿಯರು ಕಣ್ಣರಳಿಸಿ, ಇಷ್ಟು ಒಳ್ಳೆಯ ಬೆಲ್ಲ ತಿಂದೇ ಇಲ್ಲವೆಂಬಂತೆ ಚಪ್ಪರಿಸುತ್ತ, ಕೈಮುಗಿದು ಜೀಪು ಹತ್ತಿದರು.